ಹೊಡೆಸಿಕೊಳ್ಳುವ ಕೈ

ಬೆಳಿಗ್ಗೆ ಆರಕ್ಕೇ ಬಂದು ಬೇಲಿಯನ್ನು ಒಳಗೆ ಸರಿಸಿದೆವು,
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ, ಚಳಿಗಾಲದಲ್ಲಿ ಹಿಮ ತಡೆಯುವುದು,
ಇವತ್ತು ಹತ್ತು ವರ್ಷದವರ ಆಕಾಶಕ್ಕೆ ಅಂಚು.
ನೂರಾ ಎಂಬತ್ತು ಅಡಿ. ನಾನು ಹೆಜ್ಜೆಯಲ್ಲಿ ಅಳೆದೆ,
ಆಮೇಲೆ ಮಿಲೋಷ್ ಟೇಪು ಹಿಡಿದು ಅಳೆದ:
ನನ್ನ ಹೆಜ್ಜೆ ನಾಲ್ಕು ಅಡಿ ಉದಾರ.
ಇರಲಿ ಬಿಡು ಎಂದೆ.
ಅವನು ಬಿಡಲಿಲ್ಲ. ಗೂಟ ಕಿತ್ತು ಮತ್ತೆ ನೆಟ್ಟ.

ಬೇಲಿಯಾಚೆ ಟೀಟನ್ ಮನೆಯವರ ಮುಸುಕಿನ ಜೋಳ, ಆಳೆತ್ತರ,
ಅದರಾಚೆ ರೈಲು ಹಳಿಯ ಬಿಳಿ ಕಣಜ,
ಅದರಾಚೆ ನೆಬ್ರಾಸ್ಕಾ, ಬರೀ ನೆಬ್ರಾಸ್ಕಾ.

ಹೆಸರು ಬರೆಸಲು ಐದು ಡಾಲರ್.
ಬಂದ ದುಡ್ಡು ಮೂರನೇ ಕಂಬದ ದೀಪಕ್ಕೆ,
ಆಲಿಕಲ್ಲು ಬಿದ್ದ ರಾತ್ರಿಯಿಂದ ಅದು ಕುರುಡು.
ಐದಿಲ್ಲದವರಿಗೆ ಐಸಿನ ಡಬ್ಬ ಹೊರುವ ಕೆಲಸ,
ಅದನ್ನೂ ಹೊರಲಾರದವರಿಗೆ ನನ್ನ ಜೇಬು.

ನಿಯಮ ಸರಳ. ಒಬ್ಬರಿಗೆ ಹತ್ತು ತಪ್ಪು.
ಬೇಲಿ ದಾಟಿದ್ದು ಹೋಮ್ ರನ್, ದಾಟದ್ದೆಲ್ಲ ತಪ್ಪು,
ಎಷ್ಟು ಚೆಂದ ಹೊಡೆದಿದ್ದರೂ.
ಇದನ್ನು ಹೇಳುವಾಗ ಪ್ರತಿ ವರ್ಷ ನನ್ನ ದನಿ ತಗ್ಗುತ್ತದೆ.

ಎಸೆಯುವವಳು ನಾನು.
ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕುವ ಕೈ.
ಒಂದು ಕಾಲಕ್ಕೆ ಇದೇ ಕೈ ಚೆಂಡಿಗೆ ಸುಳ್ಳು ಕಲಿಸಿತ್ತು:
ಕೊನೆ ಗಳಿಗೆಯಲ್ಲಿ ಜಾರು, ಬ್ಯಾಟಿನ ಕೆಳಗೆ ನುಸುಳು.
ಈಗ ಅದನ್ನೆಲ್ಲ ಮರೆಸಬೇಕು.
ಒಬ್ಬೊಬ್ಬರಿಗೆ ಒಂದೊಂದು ಜಾಗ:
ಟ್ರೆಂಟ್ ಹ್ಲಾವಾಚ್‌ಗೆ ಸೊಂಟದೆತ್ತರ, ಕೊಂಚ ಒಳಗೆ;
ಇಟ್ಸೆಲ್ ಬರ್ರಾಗಾನ್‌ಗೆ ಮೊಣಕಾಲು, ಅವಳು ಕೆಳಗಿಂದ ಬಾಚಿ ಎತ್ತುತ್ತಾಳೆ
ತಳದ ಬೀನ್ಸ್ ಎತ್ತುವ ಸೌಟಿನ ಹಾಗೆ.
ಚೆನ್ನಾಗಿ ಎಸೆದರೆ ನಾನು ಯಾರಿಗೂ ಕಾಣುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇಟ್ಸೆಲ್ ಏಳು ಹೊಡೆದಳು.
ಏಳನೆಯದು ಬಿದ್ದದ್ದನ್ನು ಯಾರೂ ನೋಡಲಿಲ್ಲ, ಸದ್ದು ಮಾತ್ರ:
ಒಳಗೆ ಯಾರೋ ಎದ್ದು ನಡೆದಂತೆ ಎಲೆಗಳು ಸರಿದವು.
ಅವಳಪ್ಪ ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಬಿಳಿ ರಬ್ಬರ್ ಬೂಟಿನಲ್ಲೇ ಬಂದವನು, ನಿಂತಲ್ಲೇ ನಿದ್ದೆಹೋಗಿದ್ದ;
ಚಪ್ಪಾಳೆಗೆ ಎಚ್ಚೆತ್ತು, ಯಾರಿಗೆಂದು ತಿಳಿಯದೆ, ತಾನೂ ತಟ್ಟಿದ.

ಟ್ರೆಂಟನ ಒಂದು ಹೊಡೆತ ಗೂಟದ ತಲೆಗೆ ತಾಗಿ ಆಚೆ ಬಿತ್ತು.
ಅವರಪ್ಪ ಟ್ರಕ್ಕಿನಿಂದ ಇಳಿದು ಬಂದರು.
ಮಿಲೋಷ್ ನಿಯಮದ ಹಾಳೆ ತೆಗೆದ,
ಹಾಳೆಯಲ್ಲಿ ಗೂಟದ ಮಾತೇ ಇರಲಿಲ್ಲ.
ಹತ್ತು ನಿಮಿಷ ನಾವು ದೊಡ್ಡವರು ಗೂಟದ ಸುತ್ತ ನಿಂತೆವು.
ಮಕ್ಕಳು ನೆರಳಲ್ಲಿ ಕೂತು ಸೂರ್ಯಕಾಂತಿ ಸಿಪ್ಪೆ ಉಗುಳುತ್ತ
ಯಾರದು ದೂರ ಹೋಗುತ್ತದೆಂದು ಬೇರೆಯೇ ಪಂದ್ಯ ನಡೆಸಿದರು,
ಜಗಳವಿಲ್ಲದೆ.

ಕೊನೆಯವನು ಅಬ್ಶಿರ್.
ಈ ಊರಿಗೆ ಬಂದು ಎರಡು ತಿಂಗಳು. ಬೇರೆಯವರ ಹೆಲ್ಮೆಟ್
ಕಿವಿಯ ಮೇಲೆ ಅಲುಗುತ್ತಿತ್ತು.
ಅವನ ಜಾಗ ನನಗೆ ಗೊತ್ತಿರಲಿಲ್ಲ.
ಎತ್ತರಕ್ಕೆ ಎಸೆದೆ, ಕೆಳಕ್ಕೆ ಎಸೆದೆ, ನಿಧಾನಕ್ಕೆ, ಇನ್ನೂ ನಿಧಾನಕ್ಕೆ,
ಕೈಯಿಂದ ಕೈಗೆ ಮೊಟ್ಟೆ ದಾಟಿಸುವ ಹಾಗೆ.
ಹತ್ತೂ ನೆಲ ಕಚ್ಚಿದವು.
ಹತ್ತನೆಯದು ಉರುಳಿ ನನ್ನ ಕಾಲ ಬಳಿಗೇ ಬಂತು.
ತಪ್ಪು ನನ್ನದೆಂದು ಬರೆಯಲು ಫಲಕದಲ್ಲಿ ಜಾಗವಿಲ್ಲ.
ಸೊನ್ನೆಗೆ ಇದೆ.

ಬಹುಮಾನ ಹಂಚಿದ ಮೇಲೆ ಬಕೆಟ್ಟಿನಲ್ಲಿ
ನಲವತ್ತೆರಡಕ್ಕೆ ಹದಿನೆಂಟೇ ಚೆಂಡು.
ಯಾರೂ ಹೇಳದೆ ಅಬ್ಶಿರ್ ಜೋಳಕ್ಕೆ ನುಗ್ಗಿದ.
ತೆನೆಯ ತುದಿಗಳು ಅಲುಗಿದವು, ಇಲ್ಲಿ, ಆಮೇಲೆ ಅಲ್ಲಿ,
ಆಮೇಲೆ ನಾವು ಯಾರೂ ಹೊಡೆಯದಷ್ಟು ದೂರದಲ್ಲಿ.
ಕಾರಿನ ಬಾಗಿಲು ತೆರೆದಿಟ್ಟು ಕಾದೆವು.
ಬಂದ. ಅಂಗಿಯ ಮಡಿಲ ತುಂಬ ಚೆಂಡು, ಕೆನ್ನೆಗೆ ಎಲೆ ಗೀರಿದ ಗೆರೆ.
ಒಂದೊಂದೇ ಎಣಿಸಿ ಹಾಕಿದ, ಸೋಮಾಲಿಯಲ್ಲಿ.
ಇಪ್ಪತ್ತೈದು.
ಹೋಗಿದ್ದದ್ದು ಇಪ್ಪತ್ತನಾಲ್ಕು.

ಹೆಚ್ಚಿನದು ಕಪ್ಪಾಗಿತ್ತು. ಹೊಲಿಗೆ ಬಿಚ್ಚಿ
ಒಳಗಿನ ನೂಲು ಇಣುಕುತ್ತಿತ್ತು.
ಎಷ್ಟು ಬಿತ್ತನೆ, ಎಷ್ಟು ಕಟಾವು ಅದರ ಮೇಲೆ ಹಾದು ಹೋದವೋ,
ಯಾರು ಹೊಡೆದದ್ದೋ, ಆ ದಿನ
ಎಸೆದವರು ಯಾರೋ.
ಇದನ್ನು ಎಲ್ಲಿ ಬರೆಯಲಿ ಎಂದ ಮಿಲೋಷ್.

ಅಬ್ಶಿರ್ ಅದನ್ನು ನನ್ನ ಕೈಗಿಟ್ಟ,
ಹೆಲ್ಮೆಟ್ ಸರಿಮಾಡಿಕೊಂಡು ಹಿಮ್ಮುಖವಾಗಿ ನಡೆದು
ಪ್ಲೇಟಿನ ಪಕ್ಕ ನಿಂತ.
ನನ್ನ ಭುಜ ಸೋತಿತ್ತು.
ಇನ್ನೊಂದು, ಎಂದೆ.
ಮಿಲೋಷ್ ಪೆನ್ನಿಗೆ ಮುಚ್ಚಳ ಹಾಕಿದ.