ಎರಡನೆಯ ಕೊಳವೆ

ಗುವ್ವಲಪಲ್ಲಿಯ ನೀರಿನ ಘಟಕದ ಬೀಗದ ಕೈ
ನನ್ನ ಸೆರಗಿನ ಗಂಟಲ್ಲಿ.
ಬೆಳಿಗ್ಗೆ ಆರಕ್ಕೆ ಶಟರ್ ಎತ್ತುತ್ತೇನೆ.
ಐದು ರೂಪಾಯಿ ನುಂಗಿ
ಇಪ್ಪತ್ತು ಲೀಟರು ಕಕ್ಕುವ ಪೆಟ್ಟಿಗೆ;
ಸವೆದ ನಾಣ್ಯವಾದರೆ ಉಗುಳುತ್ತದೆ,
ಆಗ ಅದರ ಕೆನ್ನೆಗೊಂದು ಏಟು.

ಸಾವಿರದ ನಾನೂರು ಅಡಿ ಕೆಳಗಿಂದ ಬರುವ ನೀರು
ಕಲ್ಲಿನ ಜೊತೆ ಸಂಸಾರ ಮಾಡಿ
ಕಲ್ಲಿನ ಗುಣವನ್ನೇ ಕಲಿತದ್ದು.
ನನ್ನ ಹಲ್ಲು ನೋಡಿ, ಹುಣಸೆ ಬೀಜದ ಬಣ್ಣ.
ಏಳನೇ ಕ್ಲಾಸಿನ ಗ್ರೂಪ್ ಫೋಟೊದಲ್ಲಿ
ನಗಿ ಅಂದ ಕೂಡಲೆ
ಮೂವತ್ತೊಂದು ಮಕ್ಕಳೂ ಒಟ್ಟಿಗೆ
ತುಟಿ ಮುಚ್ಚಿದೆವು.
ಈಗಿನ ಮಕ್ಕಳು ಬಾಯಿ ತೆರೆದು ನಗುತ್ತವೆ.
ನನಗೆ ಅಷ್ಟೇ ಸಾಕು ಅಂದರೆ ಸುಳ್ಳು:
ನಾಲ್ಕು ತಿಂಗಳ ಸಂಬಳ ಬಾಕಿ ಇದೆ ಪಂಚಾಯ್ತಿಯಲ್ಲಿ.

ಪೊರೆ ಬದಲಿಸಲು ಹಸನಬ್ಬ ಬಂದ,
ಉಳ್ಳಾಲದ ಕಡೆಯವನು.
ಸುರುಳಿಯನ್ನು ಗೋಣಿತಟ್ಟಿನ ಮೇಲೆ ಮಲಗಿಸಿ ಹೇಳಿದ:
"ಇದರ ದೊಡ್ಡಣ್ಣ ಉಂಟು ಮಾರಾಯ್ತಿ, ಕಡಲ ಬದಿಯಲ್ಲಿ.
ನಾನು ಅಲ್ಲೇ ಕೆಲಸ ಕಲಿತದ್ದು.
ಎರಡೂವರೆ ಕೊಡ ಸಮುದ್ರ ಹಿಂಡಿದರೆ
ಒಂದು ಕೊಡ ಸಿಹಿ."

ಸರದಿಯಲ್ಲಿದ್ದವರೆಲ್ಲ ನಕ್ಕರು.
ಅಷ್ಟು ಮಳೆ ಹೊಯ್ಯುವ ಊರಲ್ಲಿ
ಕುಡಿಯುವ ನೀರಿಗೆ ಬರವೇ?

ಸ್ಪ್ಯಾನರ್ ತಿರುಗಿಸುತ್ತ ಅವನೆಂದ:
"ನಮ್ಮ ಬಾವಿಗೆ ಉಪ್ಪು ಬಂತು.
ಚಹಾ ರುಚಿ ಕೆಟ್ಟಿತೆಂದು ಉಮ್ಮ
ಹಾಲಿನವನ ಜೊತೆ ಒಂದು ವಾರ ಜಗಳ ಆಡಿದಳು.
ಆಮೇಲೆ
ಬಾವಿಗೆ ಬಗ್ಗಿ ನೋಡಿದಳು."

ಯಾರೂ ನಗಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು,
ನಾನೂ ನೋಡುತ್ತ ನಿಂತೆ.

ಮೂರು ತಿಂಗಳ ಮೇಲೆ ಮತ್ತೆ ಬಂದಾಗ
ಸೋಡಾ ಬಾಟಲಿಯಲ್ಲಿ ಕಡಲು ತಂದಿದ್ದ,
ಗಂಗುಲಮ್ಮ ಕೇಳಿದ್ದಳೆಂದು.
ಬಣ್ಣವಿಲ್ಲ, ಸದ್ದಿಲ್ಲ,
ತಳದಲ್ಲಿ ಚಿಟಿಕೆ ಮರಳು.
ನಾನು ಟಿಡಿಎಸ್ ಮೀಟರು ಅದ್ದಿದೆ.
ನಮ್ಮ ಬೋರಿಗೆ ಎರಡು ಸಾವಿರದ ನೂರು ಎನ್ನುವ ಕಡ್ಡಿ
ಅಂಕಿ ಹುಡುಕುತ್ತ ಓಡಿ ಓಡಿ
ಕೊನೆಗೆ ಬರೀ ನಾಲ್ಕು ಗೆರೆ ತೋರಿಸಿ
ಕೈಚೆಲ್ಲಿತು.

ಗಂಗುಲಮ್ಮ ಬೆರಳದ್ದಿ ನೆಕ್ಕಿದಳು.
"ಇಂತೇನಾ? ಇಷ್ಟೇನಾ?
ಉಪ್ಪಿನಕಾಯಿ ಜಾಡಿ ತೊಳೆದ ನೀರು.
ಇದಕ್ಕೆ ಅಲ್ಲಿಗೇ ಹೋಗಬೇಕೇ,
ನಿಮ್ಮ ಹಿತ್ತಲಲ್ಲಿ ಹರಿಯುತ್ತಿದೆಯಲ್ಲ!"

ಹಿತ್ತಲು. ಎರಡನೆಯ ಕೊಳವೆ.
ಪೊರೆ ಬೇಡವೆಂದದ್ದನ್ನೆಲ್ಲ ಹೊತ್ತು
ಗೋಡೆ ತೂರಿ ಹೋಗಿ ಗುಂಡಿಗೆ ಬೀಳುತ್ತದೆ.
ಅಂಚಿಗೆ ಬಿಳಿ ಪಪ್ಪಡಿ.
ಹೊಂಗೆಯ ಎಲೆ ತುದಿಯಿಂದ ಸುಟ್ಟಿದೆ,
ಚೌಡರೆಡ್ಡಿಯ ಟೊಮ್ಯಾಟೊ ಬೇಲಿಯತ್ತ ಏಳುವುದಿಲ್ಲ.
ಮೇಕೆಗಳು ಮಾತ್ರ ಸಂಜೆ ಬಂದು
ಮಣ್ಣು ನೆಕ್ಕುತ್ತವೆ.
ಪಂಪು ಶುರುವಾದಾಗ ಗುಂಡಿಯಲ್ಲಿ
ಒಂದು ಸಣ್ಣ ಅಲೆ ಏಳುತ್ತದೆ, ಇಷ್ಟೆತ್ತರ.

ಹೋದ ವರ್ಷ ನಾಲ್ಕು ಸಾವಿರ, ಈಗ ಐದು ಸಾವಿರದ ಆರುನೂರು.
ಹಾಗಾದರೆ ಇಷ್ಟು ದಿನ ನಾನು
ಕ್ಯಾನಿಗೆ ಐದು ರೂಪಾಯಿಯಂತೆ
ಕಡಲು ಮಾಡುತ್ತಿದ್ದೆನೇ?

"ಅಲ್ಲಿನ ಎರಡನೆಯ ಕೊಳವೆ ಎಲ್ಲಿಗೆ?" ಕೇಳಿದೆ.
"ಕಡಲಿಗೇ," ಅಂದ. ಸ್ವಲ್ಪ ತಡೆದು,
"ಮೀನು ದೂರ ಹೋಯ್ತು ಅಂತಾನೆ ಭಾವ.
ಬಲೆ ಹಳತಾದದ್ದೂ ಇರಬಹುದು, ನನಗೆ ಗೊತ್ತಿಲ್ಲ."

ಅವನ ಬಸ್ಸು ಹೋದ ಮೇಲೆ
ಬಾಟಲಿಯನ್ನು ಗುಂಡಿಗೆ ಸುರಿದೆ.
ಬೇರೆ ಎಲ್ಲಿ ಸುರಿಯಲಿ?
ಒಂದು ಮೇಕೆ ತಲೆ ಎತ್ತಿ ನೋಡಿತು.

ರಾತ್ರಿ ರಿಜಿಸ್ಟರ್ ತೆರೆದೆ:
ತಾರೀಕು, ಕ್ಯಾನು, ಹಣ, ಸಹಿ.
ಹಿತ್ತಲಿಗೆ ಹೋದದ್ದಕ್ಕೆ ಕಾಲಮ್ಮೇ ಇಲ್ಲ.
ಸ್ಕೇಲಿಗಾಗಿ ಹುಡುಕಿ, ಸಿಗದೆ,
ಕ್ಯಾನಿನ ಮುಚ್ಚಳದ ಅಂಚಿಟ್ಟು
ಪೆನ್ಸಿಲಿನಲ್ಲಿ ಗೆರೆ ಎಳೆದೆ, ಸೊಟ್ಟಗೆ.
ಮೊದಲ ಸಾಲಿನಲ್ಲಿ ಬರೆದೆ:
ಕಡಲು, ಒಂದು ಬಾಟಲಿ.