ಗೇಣಿಗೆ ಎರಡು ಬೆರಳು ಕಮ್ಮಿ

ಜನವರಿಯಲ್ಲಿ ಕೆಮಿ ಊರಿಗೆ ಹಗಲೆಂದರೆ
ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟ.
ಅವನೂ ಹೋದ ಮೇಲೆ, ಮಧ್ಯಾಹ್ನ ಮೂರಕ್ಕೆ,
ಹಿಮದ ಮೇಲೆ ಜಾರುಗಾಡಿ ಎಳೆಯುತ್ತ
ನನ್ನ ಅಂಗಡಿಗೆ ಬಂದ ಎನ್ಸಿಯೊ ಕಲ್ಲುಂಕಿ.
ಗಾಡಿಯಲ್ಲಿ ಕಂಬಳಿ ಹೊದ್ದ ತಗಡಿನ ಗೂಡು.

"ಇದರೊಳಗೆ ಕೂರುವ ಬೋರ್ಡು ಬೇಕು."

ಸಿನಿಮಾ ಪ್ರೊಜೆಕ್ಟರಿನ ದೀಪದ ಗೂಡು ಅದು.
ಟಾಕೀಸು ಈಗ ಟೈರಿನ ಗೋದಾಮು.
ನೆತ್ತಿಯ ಮೇಲೊಂದು ಹೊಗೆಕೊಳವೆ,
ಒಳಗೆ ಇದ್ದಿಲ ಕಡ್ಡಿ ಉರಿದುರಿದು ಉಳಿದ ವಾಸನೆ.
ಟೇಪು ಹಿಡಿದೆ: ಹದಿನೆಂಟು ಸೆಂಟಿಮೀಟರು.
ಅವನು ಟೇಪಿನತ್ತ ನೋಡಲಿಲ್ಲ, ಕೈ ಚಾಚಿ
"ಗೇಣಿಗೆ ಎರಡು ಬೆರಳು ಕಮ್ಮಿ" ಅಂದ.

ಸಣ್ಣ ಮದರ್‌ಬೋರ್ಡು ಹದಿನೇಳಕ್ಕೆ ಹದಿನೇಳು.
ಕೂರುತ್ತದೆ, ಟೀವಿಯಲ್ಲಿ ಸಿನಿಮಾ ಓಡುತ್ತದೆ ಅಂದೆ.
"ಓಡುವುದಿಲ್ಲ. ಎಡವುತ್ತದೆ.
ನದಿಯಲ್ಲಿ ದಿಮ್ಮಿ ತೇಲಿಬಿಟ್ಟ ಬೇಸಿಗೆ, ನಾನೇ ತೆಗೆದದ್ದು.
ಈಗ ಅಂಕಿ ಮಾಡಿಸಿದ್ದೇನೆ, ಒಂದು ಅಲೆಯನ್ನೂ ಬಿಡದೆ.
ದಡ ತೋರಿಸಿದರೆ ಸರಿ. ನೀರು ಹೊಳೆಯಿತೋ,
ಮೂರು ಫ್ರೇಮು ಬಿದ್ದುಹೋಗುತ್ತವೆ."
ಮೂರೇ? ಎಣಿಸಿದಿರಾ?
"ಎಣಿಸುವುದೇನು? ಮೂವತ್ತೊಂದು ವರ್ಷ
ಸೆಕೆಂಡಿಗೆ ಇಪ್ಪತ್ನಾಲ್ಕು. ಮೈಗೇ ಗೊತ್ತಾಗುತ್ತದೆ,
ಕತ್ತಲಲ್ಲಿ ಒಂದು ಮೆಟ್ಟಿಲು ಇಲ್ಲದ ಹಾಗೆ."

ಹೊಸ ಪ್ರೊಸೆಸರಿಗೆ ದುಡ್ಡಿಲ್ಲ. ಇರುವುದನ್ನೇ
ಕಂಪನಿ ಕಟ್ಟಿದ ಹಗ್ಗ ಬಿಚ್ಚಿ ಓಡಿಸಬೇಕು.
ಓವರ್‌ಕ್ಲಾಕಿಂಗ್, ಮೀಸೆ ಮೂಡದ ಹುಡುಗರ ಹುಚ್ಚು,
ಎಪ್ಪತ್ತರ ಮುದುಕನಿಗೆ!

ಮೂರು ಬೋರ್ಡು ಬಿಚ್ಚಿಟ್ಟೆ.
ಮೊದಲನೆಯದು ಅಗ್ಗ. ಬಯಾಸ್ ತೆರೆದರೆ
ವೋಲ್ಟೇಜಿನ ಸಾಲೇ ಇಲ್ಲ, ವೇಗ ಮುಟ್ಟುವಂತಿಲ್ಲ,
ಅತ್ತೆ ಬೀಗ ಹಾಕಿಕೊಂಡು ಹೋದ ಅಡುಗೆಮನೆ.
ಎರಡನೆಯದಕ್ಕೆ ಆರು ಹಂತದ ವಿದ್ಯುತ್ತು,
ಗಟ್ಟಿ ಕೆಪಾಸಿಟರು, ಅದಕ್ಕಿಂತ ಗಟ್ಟಿ ಬೆಲೆ.
ಮೂರನೆಯದು ಯಾರೋ ಕೊಂಡು ವಾಪಸು ತಂದದ್ದು:
ನಾಲ್ಕೇ ಹಂತ, ಮೆಮೊರಿ ಸ್ಲಾಟು
ಸಾಕೆಟ್ಟಿನ ಮಗ್ಗುಲಿಗೇ ಒತ್ತಿಕೊಂಡಿದೆ,
ದಪ್ಪ ಫ್ಯಾನಿಗೆ ಜಾಗವಿಲ್ಲ.

ಎರಡನೆಯದನ್ನು ಹೊಗಳಿದೆ. ಕಮಿಷನ್ನೂ ಇತ್ತು, ಸುಳ್ಳೇಕೆ.
"ಹೊತ್ತಿಸು, ಪಿನ್ಯಾ" ಅಂದ.
ಬರಿ ಮೇಜಿನ ಮೇಲೆ ಹೊತ್ತಿಸಿದೆ.
ಕಾಫಿ ಕಲಕುವ ಮರದ ಕಡ್ಡಿ ಎತ್ತಿಕೊಂಡು
ಒಂದು ತುದಿಯನ್ನು ತಾಮ್ರದ ಸುರುಳಿಯ ಗೂಡಿಗೆ ಮುಟ್ಟಿಸಿ
ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ.
"ಅಳುತ್ತಿದೆ."
ನಾನೂ ಕಚ್ಚಿದೆ. ಹೌದು,
ದವಡೆಯೊಳಗೆ ಸೊಳ್ಳೆಯಂಥದೊಂದು ಕೀರಲು,
ಭಾರ ಹೆಚ್ಚಿದಂತೆ ಮೇಲೇರುತ್ತ.
"ಚಿತ್ರಕ್ಕೆ ಸದ್ದಿಲ್ಲ, ಮಗಳೇ. ಹೆಲ್ಕಾಗೆ ಇದೇ ಕೇಳಿಸುತ್ತದೆ."

ಮೂರನೆಯದಕ್ಕೆ ಇಟ್ಟ ಕಡ್ಡಿಯನ್ನು
ಬಹಳ ಹೊತ್ತು ತೆಗೆಯಲಿಲ್ಲ.
"ಸುಮ್ಮನಿದೆ. ಕೊಡು."
ಬಿಸಿ ಹೋಗುವುದೆಲ್ಲಿ? ಫ್ಯಾನು?
ತಗಡಿನ ನೆತ್ತಿ ತಟ್ಟಿದ.
"ಕೊಳವೆ ಇರುವುದು ಯಾಕೆ?"

ಮಾರ್ಚಿನಲ್ಲಿ ಕೇಬಲ್ಲು ಕೊಡಲು ಹೋದೆ.
ಟೀವಿಯ ಕೆಳಗೆ ದೀಪದ ಗೂಡು. ದೀಪವಿಲ್ಲ.
ಕೊಳವೆಯ ಬಾಯಿಗೆ ಹೆಲ್ಕಾಳ ಒದ್ದೆ ಕೈಗವಸು.
ಗೋಡೆಗಂಟಿಸಿದ ಚೀಟಿಯಲ್ಲಿ ಪೆನ್ಸಿಲಿನ ಲೆಕ್ಕ:
ಎರಡು ಪಾಯಿಂಟ್ ಆರು, ಎಡವಿತು.
ಮೂರು, ಎಡವಿತು.
ಮೂರು ಪಾಯಿಂಟ್ ಮೂರು, ನೀಲಿ ಪರದೆ, ನದಿ ಹೆಪ್ಪುಗಟ್ಟಿತು.
ಮೂರು ಪಾಯಿಂಟ್ ಎರಡರ ಮುಂದೆ ಏನೂ ಬರೆದಿಲ್ಲ.

ನೀರು ಹೊಳೆಯಿತು. ದಿಮ್ಮಿಗಳು ಬಂದವು,
ಒಂದು ಮಗುಚಿ ಹೊಟ್ಟೆ ತೋರಿಸಿತು.
ಅದರ ಮೇಲಿದ್ದ ತೆಳ್ಳನೆಯ ಹುಡುಗ
ಕಾಲೆತ್ತಿದ, ಮುಂದಿನದಕ್ಕೆ ಇಟ್ಟ.

"ಅಯ್ಯೋ" ಅಂದಳು ಹೆಲ್ಕಾ, "ಇಷ್ಟು ದಿನ
ನೀವು ಜಾರಿದಿರಿ ಅಂತಲೇ ಅಂದುಕೊಂಡಿದ್ದೆನಲ್ಲ.
ಹಾರಿದ್ದು!"
"ಅದು ನಾನಲ್ಲ" ಅಂದ ಎನ್ಸಿಯೊ, "ಕ್ಯಾಮೆರಾ ಹಿಡಿದವನು ನಾನು."
ಅವಳು ಸ್ವಲ್ಪ ಹೊತ್ತು ಯೋಚಿಸಿ
ಎದ್ದು ಕೈಗವಸು ತಿರುವಿ ಹಾಕಿದಳು.