ಅಧಿಕ ಮಾಸದ ಲೆಕ್ಕ

ಅಧಿಕ ಬಂತೆಂದರೆ ಮೀರಟ್ಟಿನಲ್ಲಿ ಮದುವೆಯಿಲ್ಲ.
ಮದುಮಗನ ಕುದುರೆಗಾದರೂ ಹುಲ್ಲುಂಟು, ನಮಗೆ ಅದೂ ಇಲ್ಲ.
ಬ್ಯಾಂಡಿನಂಗಡಿಯ ಶಟರು ಅರ್ಧ ಇಳಿಸಿ
ಹಿತ್ತಾಳೆಯ ಹೊಟ್ಟೆಗೆ ಹುಣಿಸೆ ಹಚ್ಚಿ ಉಜ್ಜುತ್ತ
ಯೂಫೋನಿಯಂ ಊದುವ ಬಿಶಂಬರ ಅಂದ:
‘ಊರ ಗಂಡುಗಳನ್ನೆಲ್ಲ ಮಾವನ ಮನೆಗೆ ಮುಟ್ಟಿಸಿದ್ದಾಯ್ತು,
ನಮ್ಮನ್ನೇ ನಾವು ಎಲ್ಲಿಗೂ ಮುಟ್ಟಿಸಲಿಲ್ಲ.
ಈ ಸಲ ತುಂಗನಾಥ.’

ಬಿಲ್ಲುಪುಸ್ತಕದ ಹಿಂಬದಿ, ಮೋಟು ಪೆನ್ಸಿಲು.
ಸೈಡ್ ಡ್ರಮ್ಮಿನವನಿಗೆ ಎಣಿಕೆ ಬರುತ್ತದೆಂದು
ಎಲ್ಲ ಲೆಕ್ಕ ನನ್ನ ತಲೆಗೇ.
ಟೆಂಪೊ, ಹನ್ನೆರಡು ಸೀಟು, ದಿನಕ್ಕೆ ಐದೂವರೆ ಸಾವಿರ,
ಡೀಸೆಲ್ಲು ಬೇರೆ, ಡ್ರೈವರ್ ನೇಗಿಯ ಊಟ ಬೇರೆ,
ಅವನ ಬೀಡಿಯ ವಿಷಯ ಚರ್ಚೆಯಾಗಿ ಮುಂದಕ್ಕೆ ಬಿತ್ತು.
ವಾಂತಿಯವರು ಮುಂದೆ. ಗೊರಕೆಯವರು ಹಿಂದೆ.
ಸಾಲ ಕೊಟ್ಟವನೂ ತಗೊಂಡವನೂ
ಒಂದೇ ಸೀಟಲ್ಲಿ ಕೂರತಕ್ಕದ್ದಲ್ಲ
(ಇದರಿಂದ ಏಳು ಸಲ ಕಾಟು ಹಾಕಿ ಬರೆಯಬೇಕಾಯ್ತು).
ಹೃಷಿಕೇಶ ಬಿಡುವುದು ನಾಲ್ಕಕ್ಕೆ;
ನಾಲ್ಕೆಂದರೆ ಆರು, ಆರೆಂದೇ ಬರೆದುಕೊಂಡೆ.
ಕ್ಲಾರಿನೆಟ್ಟಿನ ಮುಸ್ತಕೀಮ್ ಚಾಚಾ
ಕನ್ನಡಕ ಒರೆಸಿ ಅಂದರು: ‘ನನ್ನದೂ ಹಾಕು,
ಚಪ್ಪಲಿ ಕಾಯುವವ ಒಬ್ಬ ಬೇಕಲ್ಲ.’
ಕೊನೆಯ ಕರಾರು: ಯಾರೂ ವಾದ್ಯ ತರಕೂಡದು.

ಹದಿಮೂರನೆಯ ಹೆಸರು ಯಾರೂ ಹೇಳಲಿಲ್ಲ,
ಅದೇ ಬಂದು ಶಟರಿನಡಿ ಬಗ್ಗಿ ನಿಂತಿತು.
ಸೋಮೋತಿ.
ದಿಬ್ಬಣದ ಅಂಚಿನಲ್ಲಿ ದೀಪದ ಗೊಂಚಲು ಹೊತ್ತು ನಡೆಯುವವಳು,
ಮುಂದಿನ ದೀಪಕ್ಕೂ ಹಿಂದಿನ ದೀಪಕ್ಕೂ ನಡುವೆ
ಏಳಡಿ ವೈರಿನಲ್ಲಿ ಕಟ್ಟಿಸಿಕೊಂಡವಳು.
ನಾವು ನಿಂತರೆ ನಿಲ್ಲಬೇಕು, ಕುಣಿದರೂ ನಿಲ್ಲಬೇಕು.
ರಾತ್ರಿಗೆ ಮುನ್ನೂರು.
‘ಹನ್ನೊಂದು ವರ್ಷದಿಂದ ನಿಮ್ಮ ಸಂಗಡ ನಡೆದಿದ್ದೀನಿ,
ಒಂದು ಸಲ ಕೂತು ಬರ್ತೀನಿ’ ಅಂದು
ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟು ಇಟ್ಟಳು.
ಜನರೇಟರಿನ ವಾಸನೆ ನೋಟಿಗೂ ಹತ್ತಿತ್ತು.
ಯಾರೋ ಕೆಮ್ಮಿದರು. ಯಾರೋ, ಹೆಂಗಸಿಗೆ ಬೇರೆ ಕೋಣೆ, ಅದರ ಬಾಡಿಗೆ ಅಂದರು.
ನಾನು ಬರೆದೆ: ಹದಿಮೂರು, ಇಂಜಿನ್ನಿನ ಮೇಲಿನ ಮೆತ್ತೆ.

ಸಿರೋಬಗಡಿನಲ್ಲಿ ಗುಡ್ಡ ಜಾರಿ ಕೂತಿತ್ತು.
ಪೆನ್ಸಿಲಿನ ವೇಳಾಪಟ್ಟಿ ಅಲ್ಲಿಗೆ ಮಣ್ಣುಪಾಲು.
ಐದು ಗಂಟೆ, ಕೆಳಗೆ ಅಲಕನಂದೆ, ಮೇಲೆ ಜೆಸಿಬಿ,
ಸೌತೆಕಾಯಿ ಮಾರುವ ಹುಡುಗ ಮೂರು ಸಲ ದರ ಏರಿಸಿದ.
ಆಗ ಹಿಂದಿನ ಸೀಟಿನಿಂದ ಒಂದು ದುಂಬಿ ಗುಂಯ್ ಅಂತು.
ತಿರುಗಿದರೆ ಬಿಶಂಬರ, ತುಟಿಗೆ ಬರಿಯ ಊದುತುದಿ.
‘ಇದು ವಾದ್ಯವಲ್ಲ’ ಅಂದ, ‘ವಾದ್ಯದ ಹಲ್ಲು.’
ದಂಡ ಹಾಕಲಿಲ್ಲ.

ಚೋಪ್ತಾದಿಂದ ಕಲ್ಲುಹಾಸಿನ ಏರು.
ಒಂದೇ ಉಸಿರಿಗೆ ಇಡೀ ಬೀದಿಯ ಕಿಟಕಿ ತೆರೆಸುತ್ತಿದ್ದ
ಬಿಶಂಬರ ಎರಡನೇ ತಿರುವಿಗೇ ಕುಸಿದ;
ಹೊಟ್ಟೆ ತಿದಿಯಂತೆ, ಗಾಳಿ ಮಾತ್ರ ಇಲ್ಲ.
ಟ್ರಂಪೆಟ್ಟಿನವರು ಕಲ್ಲಿಗೊಬ್ಬೊಬ್ಬರು ಒರಗಿದರು.
ಕೋಲು, ಕರ್ಪೂರ, ಗ್ಲೂಕೋಸು,
ಎಲ್ಲ ಪಟ್ಟಿಯಲ್ಲಿತ್ತು, ಉಸಿರು ಬರೆದಿರಲಿಲ್ಲ.

ಸೋಮೋತಿ ಹೋಗುತ್ತಲೇ ಇದ್ದಳು.
ಕತ್ತು ನೆಟ್ಟಗೆ, ಹೆಜ್ಜೆ ಒಂದೇ ಅಳತೆ.
ಕಲ್ಲು ಕೊರಕಲಾದಲ್ಲಿ ಅವಳ ಬಲಗೈ ತಾನಾಗಿ ಮೇಲೇರಿ
ತಲೆಯ ಮೇಲಿಲ್ಲದ ದೀಪವನ್ನು ಹಿಡಿಯುತ್ತಿತ್ತು.
ಒಂದು ಕಡೆ ನಿಂತು ಹಿಂದೆ ನೋಡಿದಳು.
ನಮ್ಮನ್ನಲ್ಲ; ಕಾಲ ಬಳಿ, ನೆಲ.
ವೈರು ಇರಲಿಲ್ಲ.
ಆಮೇಲೆ ತಿರುವಿನಾಚೆ ಮಂಜಿಗೆ ಹೊಕ್ಕಳು.
ಚಾಚಾ ಮೆಲ್ಲನೆ ಅಂದರು: ‘ಇವಳ ಬೆನ್ನನ್ನ
ಇವತ್ತೇ ನೋಡ್ತಿದ್ದೀನಿ ಕಣೋ.’

ಮರಳಿ ಲೆಕ್ಕ ಮುಗಿಸಿದರೆ ತಲಾ ನಲವತ್ತೇಳು ವಾಪಸು.
ಅವಳದ್ದನ್ನು ಕೊಡಲು ಹೋದೆ,
ಜನರೇಟರಿನ ಬಳಿ ಬಲ್ಬು ಒರೆಸುತ್ತಿದ್ದಳು.
‘ಇಟ್ಟಿರು’ ಅಂದಳು, ‘ಮುಂದಿನ ಅಧಿಕಕ್ಕೆ.’
ಅದಕ್ಕಿನ್ನೂ ಮೂರು ವರ್ಷ.
ಬಿಲ್ಲುಪುಸ್ತಕದ ಹಿಂಬದಿ ಮತ್ತೊಂದು ಗೆರೆ ಎಳೆದು
ಮೊದಲ ಸೀಟಿಗೆ ಅವಳ ಹೆಸರು ಬರೆದು,
ವಾಂತಿಯವರಿಗೆ ಈಗಲೇ ಹೇಳುವುದು ಬೇಡವೆಂದು ಮಡಚಿಟ್ಟೆ.